ಓಣಿ ಹಿಂದಿನ ಹೊಲ ಲೇಔಟ್ ಆಗುತ್ತದಂತೆ: ಹೊಲದ ಬಣ್ಣ ಬದಲಾಗುವ ಮುಂಚೆ ನೀವು ಮಾಡಬೇಕಾದ ಕೆಲಸ

ಪೇಪರಿನ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ, ಅಂಗೈ ಅಗಲದ ಒಂದು ಪ್ರಕಟಣೆ ಬಂದಿರುತ್ತದೆ. ಮೇಲೆ ‘ಭೂ ಉಪಯೋಗ ಬದಲಾವಣೆ’ ಎಂದಿರುತ್ತದೆ. ಕೆಳಗೆ ಒಂದು ಊರಿನ ಹೆಸರು, ಸರ್ವೆ ನಂಬರ್, ಇಷ್ಟು ಎಕರೆ ಇಷ್ಟು ಗುಂಟೆ, ಕೃಷಿಯಿಂದ ವಸತಿಗೆ, ಆಕ್ಷೇಪಣೆ ಇದ್ದವರು ಇಷ್ಟು ದಿನದೊಳಗೆ ಬರೆದು ಕೊಡಬೇಕು. ಅಷ್ಟೇ. ನಿಮ್ಮ ಮನೆ ಹಿಂದಿನ ಭತ್ತದ ಹೊಲ ಇನ್ನು ಮುಂದೆ ಏನಾಗಬೇಕು ಅನ್ನುವ ಮಾತು ಆ ನಾಲ್ಕು ಸಾಲಿನಲ್ಲಿದೆ.

ನಮ್ಮ ಮನೆ ಇರುವುದು ಬೆಳಗಾವಿಯ ದಕ್ಷಿಣದ ಅಂಚಿನಲ್ಲಿ. ಶಹಾಪುರ, ವಡಗಾವಿ ದಾಟಿ ಯಳ್ಳೂರಿನ ಕಡೆ ಹೊರಟರೆ ಎರಡೂ ಕಡೆ ಭತ್ತದ ಶಿವಾರ. ನಡುವೆ ಬಳ್ಳಾರಿ ನಾಲಾ. ಮಳೆಗಾಲ ಜೋರಾದ ವರ್ಷ ನಾಲಾ ಉಕ್ಕಿ ಹೊಲಗಳ ಮೇಲೆ ನೀರು ನಿಲ್ಲುವುದನ್ನು ಇಲ್ಲಿಯವರೆಲ್ಲ ನೋಡಿದ್ದಾರೆ. 2019ರ ಆಗಸ್ಟ್ ನೆನಪಿದೆ ಅಲ್ವಾ? ಆಗ ನಮ್ಮ ಅಡುಗೆ ಮನೆಯೊಳಗೂ ನೀರು ಬಂತು. ನೀರು ಇಳಿದ ಮೇಲೆ ಅವ್ವ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದಿಟ್ಟಳು. ಆಮೇಲೆ ಎರಡು ಸಲ ಸುಣ್ಣ ಬಳಿದೆವು. ಆ ಗೆರೆಯನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ನಮ್ಮ ಕಡೆ ಹೀಗೊಂದು ಹೊಲ ಮೊದಲ ಸಲ ಲೇಔಟ್ ಆದಾಗ ನಮಗೆ ಗೊತ್ತಾಗಿದ್ದು ಮುರುಮು ಮಣ್ಣು ತುಂಬಿದ ಟಿಪ್ಪರ್ ಬಂದ ದಿನ. ರಸ್ತೆಯಲ್ಲಿ ಕುಳಿತೆವು, ಕೂಗಿದೆವು, ಮನವಿ ಕೊಟ್ಟೆವು. ಹೋದ ಕಡೆಯೆಲ್ಲ ಒಂದೇ ಮಾತು: ‘ಆಕ್ಷೇಪಣೆ ಹಾಕುವ ಹಂತ ಮುಗಿದಿದೆ.’ ಎರಡನೇ ಸಲ ಪ್ರಕಟಣೆ ಬಂದಾಗ ನಾವು ಕಾಯುತ್ತಾ ಇದ್ದೆವು. ಈ ಎರಡೂ ಸಲ ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ. ಬಾಗಲಕೋಟೆಯಲ್ಲಿರಲಿ, ವಿಜಯಪುರದಲ್ಲಿರಲಿ, ಕಾನೂನು ಒಂದೇ. ಕಚೇರಿಯ ಹೆಸರು ಬದಲಾಗುತ್ತದೆ ಅಷ್ಟೇ.

ಮೊದಲು ತಿಳಿಯಬೇಕಾದದ್ದು: ಅನುಮತಿ ಒಂದಲ್ಲ, ಮೂರು

ಬಹಳ ಮಂದಿ ‘ಎನ್‌ಎ (ಕೃಷಿಯೇತರ) ಆಯಿತಂತೆ’ ಎಂದು ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗಲ್ಲ. ಹೊಲ ಪ್ಲಾಟ್ ಆಗಬೇಕಾದರೆ ಮೂರು ಬಾಗಿಲು ದಾಟಬೇಕು.

ಮೊದಲನೆಯದು ಬಣ್ಣ. ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ನಾವೆಲ್ಲ ಬುಡಾ ಎನ್ನುವ ಕಚೇರಿಯ, ಮಾಸ್ಟರ್ ಪ್ಲಾನ್ ನಕ್ಷೆ ಇದೆ. ಅದರಲ್ಲಿ ವಸತಿ ಜಾಗ ಹಳದಿ, ವ್ಯಾಪಾರದ್ದು ನೀಲಿ, ಕೈಗಾರಿಕೆಯದ್ದು ನೇರಳೆ, ಉದ್ಯಾನ ಹಸಿರು. ಹೊಲ ಕೃಷಿ ವಲಯದಲ್ಲಿದ್ದರೆ ಅದನ್ನು ವಸತಿಗೆ ಬದಲಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಅಡಿ ಅರ್ಜಿ ಹೋಗಬೇಕು. ಆ ಕಲಂ ಮೂರು ಷರತ್ತು ಹಾಕುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಬೇರೆ ಯಾವ ಕಾನೂನಿಗೂ ವಿರುದ್ಧ ಇರಬಾರದು. ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರ ಆಕ್ಷೇಪಣೆ ಕರೆಯಬೇಕು. ಇದಕ್ಕೆ ರಾಜ್ಯ ಸರ್ಕಾರದ ಪೂರ್ವಾನುಮತಿಯೂ ಬೇಕು.

ಎರಡನೆಯದು ಎನ್‌ಎ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕಚೇರಿಯಿಂದ ಆಗುವ ಭೂ ಪರಿವರ್ತನೆ ಇದು. ಮೂರನೆಯದು ಲೇಔಟ್ ನಕ್ಷೆಗೆ ಮಂಜೂರಾತಿ. ಅದು ಮತ್ತೆ ಪ್ರಾಧಿಕಾರದಿಂದ, ಯೋಜನಾ ಕಾಯ್ದೆಯ 17ನೇ ಕಲಂ ಅಡಿ.

ಜನರ ಮಾತನ್ನು ಕಾನೂನೇ ಕರೆದು ಕೇಳುವುದು ಮೊದಲ ಬಾಗಿಲಲ್ಲಿ. ನಕ್ಷೆಯಲ್ಲಿ ಹೊಲ ಒಮ್ಮೆ ಹಳದಿ ಆಯಿತೆಂದರೆ ಎನ್‌ಎ ಕೇಳುವವರ ದಾರಿ ಸಲೀಸು. ಅದಕ್ಕೇ ನಮ್ಮ ಓಣಿಯಲ್ಲಿ ಈಗ ಯಾರಾದರೂ ‘ಎನ್‌ಎ ಬಂದಾಗ ನೋಡೋಣ’ ಎಂದರೆ ನಾವು ಒಪ್ಪುವುದಿಲ್ಲ.

ಇನ್ನೊಂದು ಸಂದರ್ಭ ಇದೆ. ಪ್ರಾಧಿಕಾರ ಇಡೀ ಮಾಸ್ಟರ್ ಪ್ಲಾನನ್ನೇ ಪರಿಷ್ಕರಿಸಿದಾಗ ನೂರಾರು ಸರ್ವೆ ನಂಬರುಗಳ ಬಣ್ಣ ಒಟ್ಟಿಗೆ ಬದಲಾಗುತ್ತದೆ. ಆಗ 13ನೇ ಕಲಂ ಪ್ರಕಾರ ಪ್ರಕಟಣೆಯಾದ 60 ದಿನದೊಳಗೆ ಯಾರು ಬೇಕಾದರೂ ಬರೆದು ಕೊಡಬಹುದು. ಒಂದು ಹೊಲದ ವಿಷಯಕ್ಕಿಂತ ಇದು ದೊಡ್ಡದು. ಆದರೂ ಈ 60 ದಿನ ಸದ್ದಿಲ್ಲದೆ ಕಳೆದುಹೋಗುತ್ತದೆ.

ಪ್ರಕಟಣೆ ಹಿಡಿಯುವುದು

ಓಣಿಯಲ್ಲಿ ಇಬ್ಬರಿಗೆ ಈ ಕೆಲಸ ಹಂಚಿಬಿಡಿ. ಒಬ್ಬರು ಕನ್ನಡ ಪೇಪರ್ ನೋಡಲಿ, ಇನ್ನೊಬ್ಬರು ಮರಾಠಿ ಪೇಪರ್. ಬೆಳಗಾವಿಯಲ್ಲಿ ಎರಡನ್ನೂ ನೋಡದೆ ಆಗುವುದಿಲ್ಲ. ಪ್ರಾಧಿಕಾರದ ಮತ್ತು ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡನ್ನು ವಾರಕ್ಕೊಮ್ಮೆ ಯಾರಾದರೂ ಆ ಕಡೆ ಹೋದಾಗ ನೋಡಿ ಬರಲಿ. ಹೊಲ ಪಂಚಾಯಿತಿ ಹದ್ದಿನಲ್ಲಿದ್ದರೂ ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಬಂದಿರಬಹುದು. ಹಳ್ಳಿಯವರಿಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಪ್ರಕಟಣೆ ಸಿಕ್ಕ ಕೂಡಲೇ ಇಡೀ ಪುಟವನ್ನು ಎತ್ತಿಡಿ, ತುಂಡು ಕತ್ತರಿಸಬೇಡಿ. ಮೇಲಿನ ತಾರೀಖು, ಪೇಪರಿನ ಹೆಸರು ಕಾಣಬೇಕು. ಕೊನೆಯ ದಿನ ಯಾವುದು ಎಂದು ಎಣಿಸಿ ದೊಡ್ಡದಾಗಿ ಬರೆದು ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿ. ನಾವು ಹಾಗೇ ಮಾಡಿದೆವು. ಹಾಲು ತರಲು ಬಂದವರೆಲ್ಲ ದಿನಾ ನೋಡಿದರು.

ಹೊಲದ ಕುಂಡಲಿ ತೆಗೆಯಿರಿ

ಸರ್ವೆ ನಂಬರ್ ಕೈಯಲ್ಲಿದ್ದರೆ ಮೂರು ಕಾಗದ ತೆಗೆಸಿ: ಉತಾರ (ಪಹಣಿ), ಗ್ರಾಮ ನಕ್ಷೆ, ಮಾಸ್ಟರ್ ಪ್ಲಾನಿನಲ್ಲಿ ಆ ಭಾಗದ ನಕ್ಷೆ.

ಉತಾರದಲ್ಲಿ ಮಾಲೀಕರ ಹೆಸರಿಗಿಂತ ಮೊದಲು 3ನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣ, ಕೆಳಗೆ ‘ಅ ಖರಾಬು’, ‘ಬ ಖರಾಬು’ ಎಂದು ಇರುತ್ತದೆ. ‘ಅ’ ಅಂದರೆ ಬೇಸಾಯಕ್ಕೆ ಬಾರದ ಜಾಗ. ‘ಬ’ ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ: ಹಳ್ಳ, ದಾರಿ, ಕೆರೆ ಕಾಲುವೆ, ಸ್ಮಶಾನ. ಈ ‘ಬ’ ಖರಾಬು ಮಾಲೀಕರ ಸ್ವತ್ತಲ್ಲ. ಅದನ್ನು ಮಾರಲು ಬರುವುದಿಲ್ಲ, ಅದರ ಮೇಲೆ ಪ್ಲಾಟ್ ಹಾಕಲೂ ಬರುವುದಿಲ್ಲ. ನಮ್ಮ ಎರಡನೇ ಸಲದ ಹೊಲದ ಉತಾರದಲ್ಲಿ 11 ಗುಂಟೆ ‘ಬ’ ಖರಾಬು ಇತ್ತು. ಕಣ್ಣಿಗೆ ಅಲ್ಲೊಂದು ಒಣಗಿದ ತಗ್ಗು ಕಾಣುತ್ತಿತ್ತು, ಅಷ್ಟೇ. ಗ್ರಾಮ ನಕ್ಷೆ ತೆಗೆದು ನೋಡಿದರೆ ಆ ತಗ್ಗು ಒಂದು ಹಳ್ಳ. ಜೋಡಿ ಗೆರೆಯಾಗಿ ಸಾಗಿ ಮುಂದೆ ನಾಲಾಕ್ಕೆ ಸೇರುತ್ತಿತ್ತು. ಡಿಸೆಂಬರಿನಲ್ಲಿ ನೋಡಿದವರಿಗೆ ಅದು ಹಳ್ಳ ಎಂದು ಹೇಗೆ ತಿಳಿಯಬೇಕು?

ಉತಾರ ಭೂಮಿ ಕೇಂದ್ರದಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ನೋಡಬಹುದು. ಗ್ರಾಮ ನಕ್ಷೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರನ್ನು ಅದೇ ತೋರಿಸುತ್ತದೆ. ಆದರೆ ಆ್ಯಪಿನ ಗೆರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗುರುತು ಮಾಡುವ ಗಡಿಗೆ, ಸಮ ಅಲ್ಲ. ನಾಲ್ಕಾರು ಅಡಿ ಆಚೀಚೆ ಇರಬಹುದು. ಹುಡುಕಲು ಬಳಸಿ, ವಾದಕ್ಕೆ ಗ್ರಾಮ ನಕ್ಷೆಯನ್ನೇ ಇಡಿ.

ಹಳೆಯ ತಲಾಟಿಯೊಬ್ಬರು (ಗ್ರಾಮ ಲೆಕ್ಕಿಗರು) ನಿಮ್ಮ ಕಡೆ ಇದ್ದರೆ ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಯಾವ ಹೊಲದ ನೀರು ಯಾವ ಕಡೆ ಹರಿಯುತ್ತದೆ, ಬಂಡಿ ದಾರಿ ಎಲ್ಲಿತ್ತು ಎಂಬುದು ಅವರ ಬಾಯಲ್ಲಿ ಇರುತ್ತದೆ.

ಆಮೇಲೆ ಹೊಲದ ಸುತ್ತ ನಡೆಯಿರಿ. ಮಾಲೀಕರಿಗೆ ಹೇಳಿಯೇ ಹೋಗಿ, ಕದ್ದು ಹೋಗಬೇಡಿ. ಒಡ್ಡಿನ ಎತ್ತರ, ರಸ್ತೆಗೂ ಹೊಲಕ್ಕೂ ಇರುವ ಎತ್ತರದ ಅಂತರ, ರಸ್ತೆ ಕೆಳಗಿನ ಪೈಪಿನ ಅಗಲ, ಇವನ್ನು ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ನಾವು ಅಳೆದಾಗ ಹೊಲ ರಸ್ತೆಗಿಂತ ಎರಡೂವರೆ ಅಡಿ ಕೆಳಗಿತ್ತು. ರಸ್ತೆ ಕೆಳಗೆ ಎರಡಡಿ ಅಗಲದ ಒಂದೇ ಪೈಪು, ಅದರಲ್ಲೂ ಅರ್ಧ ಹೂಳು. ಅವ್ವ ಎಳೆದ ಇದ್ದಿಲ ಗೆರೆ ಅಡುಗೆ ಮನೆ ನೆಲದಿಂದ 14 ಇಂಚು ಮೇಲೆ. ಟೇಪ್ ಹಿಡಿದೇ ಫೋಟೊ ತೆಗೆದೆವು. ಆಮೇಲೆ ಪಕ್ಕದ ಏಳು ಮನೆಗಳಲ್ಲೂ ಗುರುತು ಕೇಳಿದೆವು. ಒಬ್ಬರು ಬಾಗಿಲ ಚೌಕಟ್ಟಿನ ಮೇಲಿನ ಕೆಸರಿನ ಕಲೆ ತೋರಿಸಿದರು. ಇನ್ನೊಬ್ಬರು ಕೊಳೆತ ಕಪಾಟಿನ ಕಾಲು ತೋರಿಸಿದರು.

ಓಣಿಯ ಸಭೆ: ಇಲ್ಲಿ ಅವಸರ ಬೇಡ

ಕಾಗದಗಳನ್ನು ಹಿಡಿದುಕೊಂಡು ಸಭೆ ಕರೆಯಿರಿ. ಅವಿಲ್ಲದೆ ಕರೆದರೆ ಮಾತು ಎತ್ತೆತ್ತಲೋ ಹೋಗುತ್ತದೆ. ಮತ್ತೆ ಒಂದು ಮಾತು: ಹೊಲದ ಮಾಲೀಕರನ್ನು ಬಿಟ್ಟು ಸಭೆ ಮಾಡಬೇಡಿ. ನಾವು ಮೊದಲ ಸಲ ಆ ತಪ್ಪು ಮಾಡಿದ್ದೆವು. ಅವರ ಮನೆಯವರು ಆಮೇಲೆ ನಮ್ಮ ಓಣಿಯ ಮದುವೆಗೂ ಬರಲಿಲ್ಲ.

ಎರಡನೇ ಸಲ ಗುಡಿಯ ಪಡಸಾಲೆಯಲ್ಲಿ ಕೂಡಿದೆವು. ಹೊಲದ ಮಾಲೀಕರಾದ ಕಾಕಾನೂ ಬಂದಿದ್ದರು. ಒಬ್ಬ ಹುಡುಗ ಎದ್ದು ‘ಅನ್ನ ಕೊಡುವ ಭೂಮಿ ಮಾರಬಾರದು ಕಾಕಾ’ ಎಂದ. ಕಾಕಾ ಸಿಟ್ಟಾಗಲಿಲ್ಲ. ‘ನೀ ವರ್ಷಕ್ಕ ಎಷ್ಟ ಪಗಾರ ತಗೋತೀ ತಮ್ಮಾ? ನನ್ನ ಭತ್ತ ಎರಡ ಸಲ ನೀರಾಗ ಹೋತು. ಸಣ್ಣ ಮಗಳ ಮದುವಿ ಐತಿ. ನೀ ಹೇಳ, ಏನ ಮಾಡ್ಲಿ?’ ಎಂದರು. ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಇಲ್ಲದೆ ಆಕ್ಷೇಪಣೆ ಬರೆಯಲು ನನಗೆ ಈಗಲೂ ಮನಸ್ಸು ಬರುವುದಿಲ್ಲ.

ಸಭೆಯಲ್ಲಿ ಬಾಡಿಗೆ ಮನೆಯವರೂ ಇದ್ದರು. ಪವರ್‌ಲೂಮ್ ಕೆಲಸದ ಒಬ್ಬರು, ‘ಊರೊಳಗೆ ಪ್ಲಾಟ್ ಮುಟ್ಟುವ ಹಾಗಿಲ್ಲ. ಇಲ್ಲಿ 20 ಬೈ 30 ಸಿಕ್ಕರೆ ನಮಗೂ ಒಂದು ಸೂರು’ ಎಂದರು. ಅದೂ ನಿಜ. ನಾವಿರುವ ಓಣಿಯೂ ಒಂದು ಕಾಲಕ್ಕೆ ಹೊಲವೇ ಆಗಿತ್ತು. ನಾವು ಮನೆ ಕಟ್ಟಿ ಮುಗಿಸಿ, ಬೇರೆಯವರಿಗೆ ಬಾಗಿಲು ಹಾಕುವುದು ನ್ಯಾಯ ಅಲ್ಲ.

ಹಾಗಾಗಿ ಸಭೆಯಲ್ಲಿ ‘ಲೇಔಟ್ ಬೇಕೋ ಬೇಡವೋ’ ಎಂದು ಕೈ ಎತ್ತಿಸಬೇಡಿ. ಕೈ ಎತ್ತಿಸಿದ ದಿನವೇ ಓಣಿ ಎರಡು ಭಾಗ ಆಗುತ್ತದೆ. ‘ಇಲ್ಲಿ ಲೇಔಟ್ ಬಂದರೆ ಯಾವ ಯಾವ ತೊಂದರೆ ಆಗುತ್ತದೆ, ಅದರಲ್ಲಿ ಯಾವುದಕ್ಕೆ ದಾರಿ ಇದೆ, ಯಾವುದಕ್ಕೆ ಇಲ್ಲ?’ ಎಂದು ಕೇಳಿ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಹಾಳೆಯಲ್ಲಿ ಮೊದಲು 20ಕ್ಕೂ ಜಾಸ್ತಿ ಸಾಲು ಇದ್ದವು. ‘ಹೊರಗಿನ ಮಂದಿ ಬರುತ್ತಾರೆ’ ಎಂಬ ಸಾಲನ್ನು ಒಬ್ಬ ಅಜ್ಜಿಯೇ ಹೊಡೆದುಹಾಕಿಸಿದರು. ಕೊನೆಗೆ ಉಳಿದದ್ದು ನಾಲ್ಕು: ಹಳ್ಳ ಮುಚ್ಚಬಾರದು, ಹೊಲಕ್ಕೆ ಮುರುಮು ಹಾಕಿ ಎತ್ತರಿಸಿದರೆ ನಮ್ಮ ಕಡೆ ನೀರು ನಿಲ್ಲಬಾರದು, ಗಟಾರ ಮತ್ತು ಯುಜಿಡಿಗೆ (ಒಳಚರಂಡಿಗೆ) ದಾರಿ ತೋರಿಸಬೇಕು, 20 ಅಡಿಯ ನಮ್ಮ ರಸ್ತೆಯೊಂದನ್ನೇ ನಂಬಿ ಲೇಔಟ್ ಮಾಡಬಾರದು. ಈ ನಾಲ್ಕಕ್ಕೆ ಕಾಕಾನೂ ತಲೆಯಾಡಿಸಿದರು. ಅವರ ಉಳಿದ ಹೊಲಕ್ಕೂ ಅದೇ ಹಳ್ಳ ಬೇಕಲ್ಲ.

ಎಲ್ಲ ಕಡೆಯೂ ಹೀಗೆ ಕೂಡಿಬರುತ್ತದೆ ಎಂದಲ್ಲ. ಕೆಲವು ಹೊಲಗಳಿಗೆ ‘ಬೇಡವೇ ಬೇಡ’ ಎನ್ನುವುದೇ ಸರಿ. ನಾಲಾ ಪಾತ್ರಕ್ಕೆ ಅಂಟಿದ ಜಮೀನು, ಪ್ರತಿ ವರ್ಷ ನೀರು ನಿಲ್ಲುವ ಜಮೀನು, ಅಲ್ಲಿ ಮನೆ ಕಟ್ಟಿಸುವುದು ಕೊಂಡವರಿಗೇ ಮೋಸ. ಹಲಗಾ-ಮಚ್ಛೆ ಬೈಪಾಸ್ ವಿರುದ್ಧ ಇಲ್ಲಿಯ ರೈತರು ವರ್ಷಗಟ್ಟಲೆ ನಿಂತದ್ದು ನೋಡಿದ್ದೇವೆ. ಬೆಳೆಯುವ ಭೂಮಿ ಬಿಡುವುದಿಲ್ಲ ಎನ್ನುವವರ ಹಕ್ಕೂ ಅಷ್ಟೇ ದೊಡ್ಡದು.

ಲೆಕ್ಕ ಹಾಕಿ

‘ತುಂಬಾ ತೊಂದರೆ ಆಗುತ್ತದೆ’ ಎಂದು ಬರೆದರೆ ಕಚೇರಿಯಲ್ಲಿ ಯಾರೂ ಅದನ್ನು ಹಿಡಿದುಕೊಳ್ಳುವುದಿಲ್ಲ. ಅಂಕಿ ಬರೆದರೆ ಅದಕ್ಕೆ ಉತ್ತರ ಬರೆಯಬೇಕಾಗುತ್ತದೆ. ಲೆಕ್ಕಕ್ಕೆ ಎಂಜಿನಿಯರ್ ಬೇಕಿಲ್ಲ, ಹತ್ತನೇ ತರಗತಿಯ ಹುಡುಗಿ ಸಾಕು. ನಮ್ಮ ಲೆಕ್ಕವನ್ನು ಮಾಡಿದ್ದೂ ಅಂಥ ಒಬ್ಬಳೇ.

ಹೊಲ 8 ಎಕರೆ ಎಂದು ಇಟ್ಟುಕೊಳ್ಳಿ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರಡಿ. ಒಟ್ಟು 3,48,480 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಅರ್ಧ ಪ್ಲಾಟಿಗೆ ಉಳಿಯಿತು ಎಂದರೆ 1,74,240 ಚದರಡಿ. 30 ಬೈ 40ರ ಪ್ಲಾಟ್ 1,200 ಚದರಡಿ. ಅಂದರೆ 145 ಪ್ಲಾಟ್.

ಮನೆಗೆ ಐದು ಜನ ಹಿಡಿದರೆ 725 ಜನ. ಒಳಚರಂಡಿ ಇರುವ ಊರಿಗೆ ನೀರಿನ ಯೋಜನೆ ಮಾಡುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುವುದು ರೂಢಿ. ಹಾಗಾದರೆ ದಿನಕ್ಕೆ 97,875 ಲೀಟರ್ ನೀರು. ಅದು ರಾಕಸಕೊಪ್ಪ ಜಲಾಶಯದಿಂದ ಬರುತ್ತದೋ, ಹಿಡಕಲ್ ಜಲಾಶಯದಿಂದಲೋ, ಬೋರಿನಿಂದಲೋ? ಬಳಸಿದ್ದರಲ್ಲಿ ನೂರಕ್ಕೆ 80 ಪಾಲು ಹೊಲಸು ನೀರಾಗಿ ಹೊರಗೆ ಬರುತ್ತದೆ ಎಂದು ಲೆಕ್ಕ. ದಿನಕ್ಕೆ 78 ಸಾವಿರ ಲೀಟರ್. ಅದು ಎಲ್ಲಿಗೆ ಹೋಗುತ್ತದೆ? ಯುಜಿಡಿ ಇಲ್ಲದಿದ್ದರೆ ನಾಲಾಕ್ಕೇ. ನಾಲಾದಿಂದ ಕೆಳಗಿನವರ ಭತ್ತಕ್ಕೆ.

ಎಲ್ಲಕ್ಕಿಂತ ಮುಖ್ಯ ಮಳೆ ನೀರಿನ ಲೆಕ್ಕ. 8 ಎಕರೆ ಹೊಲದಲ್ಲಿ ಒಂದೇ ಅಡಿ ನೀರು ನಿಂತರೂ ಅದು ಸುಮಾರು 99 ಲಕ್ಷ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರ್ ಆದರೆ ಸುಮಾರು 990 ಟ್ಯಾಂಕರ್! ಒಡ್ಡು ಕಟ್ಟಿದ ಭತ್ತದ ಹೊಲ ಇಷ್ಟು ನೀರನ್ನು ಹೊತ್ತುಕೊಂಡು ನಿಧಾನಕ್ಕೆ ಬಿಡುತ್ತದೆ. ಅದೇ ಹೊಲಕ್ಕೆ ಮುರುಮು ಹಾಕಿ ರಸ್ತೆಯ ಮಟ್ಟಕ್ಕೆ ತಂದರೆ ಆ ನೀರಿಗೆ ಜಾಗ ಎಲ್ಲಿ? ನಮ್ಮ ಅಡುಗೆ ಮನೆಯಲ್ಲಿ. ಈ ಒಂದು ಲೆಕ್ಕ, ಇದ್ದಿಲ ಗೆರೆಯ ಫೋಟೊ, ಗ್ರಾಮ ನಕ್ಷೆಯ ಹಳ್ಳ: ಈ ಮೂರನ್ನು ಒಂದೇ ಹಾಳೆಯಲ್ಲಿ ಹಾಕಿದೆವು. ಸ್ಥಳ ನೋಡಲು ಬಂದವರು ಬೇರೆ ಯಾವುದನ್ನೂ ಅಷ್ಟು ಹೊತ್ತು ನೋಡಲಿಲ್ಲ.

ಆಕ್ಷೇಪಣೆ ಬರೆಯುವುದು

ಎರಡು ಪುಟ ಸಾಕು. ಬೈಗುಳ ಬೇಡ, ರಾಜಕೀಯ ಬೇಡ. ಡೆವಲಪರ್ ಯಾರ ನೆಂಟ ಎಂಬ ಗಾಳಿಮಾತು ಬೇಡವೇ ಬೇಡ. ಪ್ರತಿ ಅಂಶದ ಕೆಳಗೆ ಒಂದು ದಾಖಲೆ ಜೋಡಿಸಿ. ನಮೂನೆ ಹೀಗಿರಲಿ:

*ಇವರಿಗೆ: ಆಯುಕ್ತರು, ನಗರಾಭಿವೃದ್ಧಿ ಪ್ರಾಧಿಕಾರ, ಬೆಳಗಾವಿ.*

*ವಿಷಯ: … ಗ್ರಾಮದ ಸರ್ವೆ ನಂಬರ್ … , … ಎಕರೆ … ಗುಂಟೆ ಜಮೀನಿನ ಭೂ ಉಪಯೋಗ ಬದಲಾವಣೆಗೆ ಆಕ್ಷೇಪಣೆ.*

*ಉಲ್ಲೇಖ: ದಿನಾಂಕ … ರ … ಪತ್ರಿಕೆಯಲ್ಲಿನ ತಮ್ಮ ಪ್ರಕಟಣೆ.*

*ನಾನು ಮೇಲಿನ ಜಮೀನಿನ ಪಶ್ಚಿಮಕ್ಕೆ ಹೊಂದಿರುವ … ಓಣಿಯ ನಿವಾಸಿ. ಈ ಬದಲಾವಣೆಗೆ ನನ್ನ ಆಕ್ಷೇಪಣೆಗಳು:*

*1. ಉತಾರದ ಪ್ರಕಾರ ಈ ಜಮೀನಿನಲ್ಲಿ … ಗುಂಟೆ ‘ಬ’ ಖರಾಬು ಇದ್ದು, ಗ್ರಾಮ ನಕ್ಷೆಯಲ್ಲಿ ಅದು ಹಳ್ಳ ಎಂದು ತೋರಿಸಿದೆ. ಪ್ರಕಟಣೆಯ ವಿಸ್ತೀರ್ಣದಲ್ಲಿ ಅದನ್ನು ಕಳೆದಿಲ್ಲ.*

*2. ಜಮೀನು ರಸ್ತೆಗಿಂತ … ಅಡಿ ತಗ್ಗಿನಲ್ಲಿದೆ. 2019ರ ಆಗಸ್ಟಿನಲ್ಲಿ ನಮ್ಮ ಮನೆಯೊಳಗೆ … ಇಂಚು ನೀರು ನಿಂತಿತ್ತು. ಫೋಟೊ ಲಗತ್ತಿಸಿದೆ. ಜಮೀನು ಎತ್ತರಿಸಿದರೆ ಈ ನೀರಿಗೆ ಬೇರೆ ದಾರಿ ಇಲ್ಲ.*

*3. ಈ ಬದಲಾವಣೆ ಸಾರ್ವಜನಿಕ ಹಿತಕ್ಕೆ ಹೇಗೆ ಬೇಕು ಎಂಬುದನ್ನು ಕಲಂ 14ಎ ಪ್ರಕಾರ ತಿಳಿಸಬೇಕು.*

*ಆದ್ದರಿಂದ ಬದಲಾವಣೆಗೆ ಅನುಮತಿ ನೀಡಬಾರದು. ತೀರ್ಮಾನಕ್ಕೆ ಮೊದಲು ಸ್ಥಳ ತನಿಖೆ ಮಾಡಿ, ನನ್ನನ್ನು ಖುದ್ದಾಗಿ ಕೇಳಿ, ಈ ಆಕ್ಷೇಪಣೆಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.*

ಕೊನೆಯ ಸಾಲು ಬಿಡಬೇಡಿ. ಮತ್ತೆ, ಒಂದೇ ಪತ್ರವನ್ನು ಝೆರಾಕ್ಸ್ ಮಾಡಿ ಎಲ್ಲರೂ ಸಹಿ ಹಾಕಿ ಕೊಡುವ ಬದಲು, ಹತ್ತು ಮನೆಯವರು ತಮ್ಮ ತಮ್ಮ ಮನೆಯ ವಿಷಯ ಬರೆದು ಹತ್ತು ಪತ್ರ ಕೊಡಲಿ. ಒಂದೇ ಬಗೆಯ ಇನ್ನೂರು ಪತ್ರಗಳನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದು. ಬೇರೆ ಬೇರೆ ಹತ್ತು ಪತ್ರಗಳನ್ನು ಒಂದೊಂದಾಗಿ ಓದಬೇಕಾಗುತ್ತದೆ. ಮರಾಠಿಯಲ್ಲಿ ಬರೆಯುವ ಅಜ್ಜ ಅಜ್ಜಿಯರ ಮಾತನ್ನು ಮೊಮ್ಮಕ್ಕಳು ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿ ಸಹಿ ಹಾಕಿಸಲಿ.

ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಸಾಹೇಬರಿಗೆ ಕೊಡುತ್ತೇವೆ’ ಎಂದರೆ ನಯವಾಗಿ, ‘ಸೀಲು ಹಾಕಿ ಕೊಡಿ ಸರ್, ಕಾಯುತ್ತೇನೆ’ ಎನ್ನಿ. ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೊನೆಯ ದಿನದವರೆಗೆ ಕಾಯಬೇಡಿ. ಆ ದಿನ ಸರ್ವರ್ ಡೌನ್, ಸಾಹೇಬರು ರಜೆ, ಏನು ಬೇಕಾದರೂ ಆಗಬಹುದು.

ನಿಮ್ಮ ಶಾಸಕರಿಗೂ ಒಂದು ಪ್ರತಿ ಕೊಡಿ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಅವರೂ ಸದಸ್ಯರು. ಸಭೆಯಲ್ಲಿ ಕೂರುವವರ ಕೈಯಲ್ಲಿ ನಿಮ್ಮ ಹಾಳೆ ಇರಲಿ.

ಮಾಹಿತಿ ಹಕ್ಕು

ಆಕ್ಷೇಪಣೆ ಕೊಟ್ಟ ದಿನವೇ ಇದನ್ನೂ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ. ‘ಏಕೆ ಬದಲಿಸುತ್ತಿದ್ದೀರಿ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ: ಬದಲಾವಣೆ ಕೋರಿದ ಅರ್ಜಿ, ಸ್ಥಳ ತನಿಖಾ ವರದಿ, ಬಂದ ಆಕ್ಷೇಪಣೆಗಳ ಪಟ್ಟಿ, ಕಡತದ ಟಿಪ್ಪಣಿ ಹಾಳೆಗಳು, ಪ್ರಾಧಿಕಾರದ ಸಭೆಯ ನಡಾವಳಿ. ಸ್ಥಳ ತನಿಖಾ ವರದಿಯಲ್ಲಿ ‘ಹಳ್ಳ ಕಂಡುಬಂದಿಲ್ಲ’ ಎಂದಿದೆಯೋ ಎಂದು ಮೊದಲು ನೋಡಿ. ಯಾವ ತಿಂಗಳಲ್ಲಿ ತನಿಖೆ ಮಾಡಿದರು ಎಂದೂ ನೋಡಿ.

ಅವರು ಸ್ಥಳಕ್ಕೆ ಬಂದ ದಿನ

ಗುಂಪಾಗಿ ಮುತ್ತಬೇಡಿ. ಮೂವರು ಮಾತನಾಡಿ, ಅದರಲ್ಲಿ ಒಬ್ಬರು ಹೆಣ್ಣುಮಗಳು ಇರಲೇಬೇಕು. ನೀರು ಬಂದಾಗ ಮನೆಯಲ್ಲಿದ್ದವರು ಅವರೇ, ಹಾಸಿಗೆ ಎತ್ತಿಟ್ಟವರೂ ಅವರೇ. ನಮ್ಮ ಕಡೆ ಅವ್ವ ಅಧಿಕಾರಿಯನ್ನು ಅಡುಗೆ ಮನೆಗೆ ಕರೆದುಕೊಂಡು ಹೋಗಿ ಗೆರೆ ತೋರಿಸಿದಳು. ‘ಇಲ್ಲಿ ಮಟಾ ಬಂದಿತ್ತರೀ’ ಎಂದು ಕೈ ಇಟ್ಟು ತೋರಿಸಿ, ಚಹಾ ಕೊಟ್ಟಳು. ಬೇರೆ ಏನೂ ಹೇಳಲಿಲ್ಲ.

ಬದಲಾವಣೆ ಮಂಜೂರಾಗಿಯೇ ಬಿಟ್ಟರೆ

ಕೆಲಸ ಮುಗಿಯಲಿಲ್ಲ. ಲೇಔಟ್ ನಕ್ಷೆಯ ಪ್ರತಿ ಪಡೆಯಿರಿ. ಅದರ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ: ಪ್ಲಾಟಿಗೆ ಎಷ್ಟು, ರಸ್ತೆಗೆ ಎಷ್ಟು, ಉದ್ಯಾನಕ್ಕೆ ಎಷ್ಟು, ನಾಗರಿಕ ಸೌಲಭ್ಯಕ್ಕೆ ಎಷ್ಟು. ಹಳ್ಳವನ್ನೇ ‘ಉದ್ಯಾನ’ ಎಂದು ಎಣಿಸಿದ್ದಾರೋ ನೋಡಿ. ನಾಲಾ ಪಕ್ಕ ಎಷ್ಟು ಜಾಗ ಬಿಡಬೇಕು ಎಂಬುದು ಮಾಸ್ಟರ್ ಪ್ಲಾನಿನ ವಲಯ ನಿಯಮದಲ್ಲಿ ಬರೆದಿರುತ್ತದೆ. ಅದನ್ನು ನಕ್ಷೆಯ ಅಳತೆಗೆ ಹೋಲಿಸಿ. ರಸ್ತೆ, ಗಟಾರ, ನೀರು, ವಿದ್ಯುತ್ ಕೆಲಸ ಆದ ಹಾಗೆ ಪ್ಲಾಟ್‌ಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಇದೆ. ಕೆಲಸ ಆಗದಿದ್ದರೆ ಬಿಡುಗಡೆಗೆ ಮುಂಚೆಯೇ ಫೋಟೊ ಸಮೇತ ಬರೆಯಿರಿ.

ಜಮೀನು 500 ಚದರ ಮೀಟರ್ ದಾಟಿದರೆ ಪ್ಲಾಟ್ ಮಾರುವ ಮುಂಚೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಜಾಲತಾಣದಲ್ಲಿ ಮಂಜೂರಾದ ನಕ್ಷೆ ಸಿಗುತ್ತದೆ. ಅಲ್ಲಿ ಪ್ಲಾಟ್ ಕೊಳ್ಳಲು ಹೊರಟ ನಿಮ್ಮ ನೆಂಟರಿಗೂ ಇದನ್ನು ಹೇಳಿ.

ಕಾನೂನು ಮೀರಿದ್ದಾರೆ ಎಂದು ದಾಖಲೆ ಹೇಳಿದರೆ ಹೈಕೋರ್ಟಿನ ಬಾಗಿಲು ಇದೆ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಓಣಿಯವರು ಕೋರ್ಟಿಗೆ ಹೋಗಿ ಏನು ಮಾಡಲಾದೀತು ಎನ್ನುವವರಿಗೆ ಒಂದು ಉದಾಹರಣೆ: ಬೆಂಗಳೂರಿನಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಬಡಾವಣೆಯ ನಿವಾಸಿಗಳೇ ಕೇಸು ಹಾಕಿದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳಿಗೆ ಕೇಳುವ ಹಕ್ಕಿದೆ ಎಂದು ಹೇಳಿ ಆ ಹಂಚಿಕೆ ತಪ್ಪು ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದು ವಕೀಲರಿಗೆ ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ನಮ್ಮ ಎರಡನೇ ಹೊಲದ ಕಥೆ ಏನಾಯಿತು? ಬಣ್ಣ ಬದಲಾಯಿತು. ಆದರೆ ಹಳ್ಳದ 11 ಗುಂಟೆ ಹೊರಗೆ ಉಳಿಯಿತು, ರಸ್ತೆ ಕೆಳಗೆ ಪೈಪಿನ ಬದಲು ಆರಡಿ ಅಗಲದ ಮೋರಿ ಬಂತು, ಇನ್ನೊಂದು ಕಡೆಯಿಂದ ಬೇರೆ ರಸ್ತೆಯೂ ಆಯಿತು. ಪವರ್‌ಲೂಮಿನ ಅವರು ಅಲ್ಲಿ ಪ್ಲಾಟ್ ತಗೊಂಡಿದ್ದಾರೆ. ಕಾಕಾ ಉಳಿದ ಎರಡು ಎಕರೆಯಲ್ಲಿ ಈ ವರ್ಷವೂ ಭತ್ತ ಹಾಕಿದ್ದಾರೆ.

ಇನ್ನು ಪ್ರತಿ ವರ್ಷದ ಕೆಲಸ ಒಂದು ಉಳಿಯುತ್ತದೆ. ಮೇ ಕೊನೆಯ ವಾರ, ಮಳೆಗೆ ಮುಂಚೆ, ಆ ಮೋರಿಗೆ ಹೋಗಿ ಹೂಳು ನೋಡಿ ಬನ್ನಿ. ನಾವು ಮೋರಿಯ ಗೋಡೆಗೆ ಕೆಂಪು ಬಣ್ಣದಲ್ಲಿ ಅಡಿ ಇಂಚು ಗುರುತು ಹಾಕಿದ್ದೇವೆ. ಜೋರು ಮಳೆ ಬಂದ ದಿನ ಯಾರಾದರೂ ಒಬ್ಬರು ಛತ್ರಿ ಹಿಡಿದು ಹೋಗಿ ನೀರು ಎಲ್ಲಿಗೆ ಮುಟ್ಟಿದೆ ಎಂದು ತಾರೀಖು ಸಮೇತ ವಹಿಯಲ್ಲಿ ಬರೆದಿಡುತ್ತಾರೆ. ಆ ವಹಿ ಕಿರಾಣಿ ಅಂಗಡಿಯಲ್ಲಿದೆ, ಪೇಪರಿನ ಕಟ್ಟಿನ ಪಕ್ಕ.